ಮೇ ತಿಂಗಳಿನಿಂದ ಹಿಂದಕ್ಕೆ ಎಣಿಸಿ: ಒಂದೂವರೆ ಎಕರೆ, ಒಂದು ಕೃಷಿ ಹೊಂಡ, ಐದು ಜನರ ಊಟ

ತುಮಕೂರು ಜಿಲ್ಲೆಯ ಒಣಭೂಮಿ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅದರಲ್ಲೂ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ. ಕೆಂಪು ಮರಳುಮಿಶ್ರಿತ ಮಣ್ಣು. ಹಿರಿಯರಿಬ್ಬರು, ಗಂಡ ಹೆಂಡತಿ, ಶಾಲೆಗೆ ಹೋಗುವ ಒಂದು ಮಗು, ಎರಡು ಹಸು. ಕೊಳವೆಬಾವಿ ಬತ್ತಿದೆ. ಇರುವ ನೀರೆಲ್ಲ ಕೃಷಿಭಾಗ್ಯ ಯೋಜನೆಯ ಮಾದರಿಯಲ್ಲಿ ತೋಡಿದ ಒಂದು ಹೊಂಡದ್ದು: ಮೇಲೆ 21 ಮೀಟರ್ ಉದ್ದ, 21 ಮೀಟರ್ ಅಗಲ, ಆಳ 3 ಮೀಟರ್, ಒಳಗೆ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹೊದಿಕೆ. ಬಯಲುಸೀಮೆಯಲ್ಲಿ ಇಂಥ ಹಿಡುವಳಿ ಹೋಬಳಿಗೆ ಹತ್ತಾರು ಸಿಗುತ್ತವೆ. ಅದಕ್ಕೇ ಈ ಪ್ರಕರಣವನ್ನು ಬಿಡಿಸಿ ನೋಡುವುದು ಉಪಯುಕ್ತ.

ಮನೆಯವರ ಗುರಿ ಸರಳ. ತರಕಾರಿ ಮತ್ತು ಮೀನು ವರ್ಷವಿಡೀ ಮನೆಯದೇ ಆಗಬೇಕು, ರಾಗಿ ಆದಷ್ಟೂ ಮನೆಯದಾಗಬೇಕು. ಭೂಮಿಯ ಹಂಚಿಕೆ ಹೀಗಿದೆ: ರಾಗಿಗೆ 40 ಗುಂಟೆ, ಬದು ಸೇರಿ ಹೊಂಡಕ್ಕೆ 7, ಮನೆ ಮತ್ತು ಕೊಟ್ಟಿಗೆಗೆ 4, ಮೇವಿನ ಹುಲ್ಲಿಗೆ 5, ಬಾಳೆ, ನಿಂಬೆ, ನುಗ್ಗೆಗೆ 2, ತರಕಾರಿಗೆ 2. ಐದು ಜನರಿಗೆ ದಿನಕ್ಕೆ ಒಂದೂವರೆ ಕೆಜಿ ರಾಗಿ ಎಂದರೆ ವರ್ಷಕ್ಕೆ ಐದೂವರೆ ಕ್ವಿಂಟಲ್. ಮಳೆ ಸರಿಯಾಗಿ ಬಿದ್ದರೆ ಜಿಪಿಯು 28 ಅಥವಾ ಎಂಎಲ್ 365 ತಳಿ ಎಕರೆಗೆ ಅಷ್ಟು ಕೊಟ್ಟೀತು, ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುನಡುವಿನ ಸಾಲಿನಲ್ಲಿ, ತೊಗರಿ, ಅವರೆ, ಹುಚ್ಚೆಳ್ಳೂ ಬರುತ್ತವೆ. ಅಕ್ಕಿ, ಎಣ್ಣೆ, ಬೆಲ್ಲ ಕೊಳ್ಳಲೇಬೇಕು. ಒಂದೂವರೆ ಎಕರೆಯಲ್ಲಿ ಎಲ್ಲವನ್ನೂ ಬೆಳೆಯಲು ಹೊರಟರೆ ಯಾವುದೂ ಹೊಟ್ಟೆ ತುಂಬುವಷ್ಟು ಬರುವುದಿಲ್ಲ.

ರಾಗಿ ತಕರಾರು ಮಾಡಲಿಲ್ಲ. ಕೆಟ್ಟದ್ದು ಹೊಂಡದಲ್ಲಿ.

ನವೆಂಬರ್ ಕೊನೆಯ ಬೆಳಗು

ಮೊದಲ ವರ್ಷ ಆಗಸ್ಟ್‌ನಲ್ಲಿ 600 ಮರಿ ಬಿಟ್ಟಿದ್ದರು, ಅರ್ಧದಷ್ಟು ಕಾಟ್ಲಾ, ಉಳಿದದ್ದು ರೋಹು ಮತ್ತು ಸಾಮಾನ್ಯ ಗೆಂಡೆ. ನವೆಂಬರ್ ಹೊತ್ತಿಗೆ ಸುಮಾರು 500 ಉಳಿದಿದ್ದವು, ಒಂದೊಂದೂ 200 ಗ್ರಾಂ ದಾಟಿತ್ತು. ದಿನಕ್ಕೆ 3 ಕೆಜಿ ತೌಡು ಮತ್ತು ಹಿಂಡಿ ಬೀಳುತ್ತಿತ್ತು. ಆಗ ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಮೂರು ದಿನ ಮೋಡ, ಜಡಿಮಳೆ. ಎರಡನೆಯ ದಿನ ಕೊಟ್ಟಿಗೆ ಬಳಿದ ಹಸಿ ಸಗಣಿ ನಾಲ್ಕೈದು ಬುಟ್ಟಿ ಹೊಂಡಕ್ಕೆ ಹೋಯಿತು. ನಾಲ್ಕನೆಯ ದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ತೆರೆದು ಗಾಳಿ ಗುಟುಕರಿಸುತ್ತಿದ್ದವು. ಬಿಸಿಲೇರುವಷ್ಟರಲ್ಲಿ 140ರಷ್ಟು ಸತ್ತು ತೇಲಿದವು.

ಅಕ್ಕಪಕ್ಕದವರು ಯಾರೋ ವಿಷ ಹಾಕಿದ್ದಾರೆ ಎಂಬ ಅನುಮಾನ ಮೊದಲು ಬಂತು. ಇಂಥ ಹೊತ್ತಿನಲ್ಲಿ ಅನುಮಾನಕ್ಕಿಂತ ಮೊದಲು ಸತ್ತ ಮೀನನ್ನು ನೋಡಬೇಕು. ಸತ್ತವು ಬಹುಪಾಲು ಕಾಟ್ಲಾ, ಅದರಲ್ಲೂ ದೊಡ್ಡವು. ಬಾಯಿ ಅಗಲವಾಗಿ ತೆರೆದಿತ್ತು, ಕಿವಿರುಗಳ ಮುಚ್ಚಳ ಉಬ್ಬಿ ನಿಂತಿತ್ತು. ಸಣ್ಣ ಮೀನು, ಗೆಂಡೆ ಬದುಕಿದ್ದವು. ಕಪ್ಪೆ, ನೀರುಹುಳುಗಳಿಗೆ ಏನೂ ಆಗಿರಲಿಲ್ಲ. ಇದು ಆಮ್ಲಜನಕ ಸಾಲದೆ ಉಸಿರು ಕಟ್ಟಿದ ಸಾವು. ವಿಷವಾಗಿದ್ದರೆ ಸಣ್ಣವು ಮೊದಲು ಹೋಗುತ್ತಿದ್ದವು, ನೀರುಹುಳುಗಳೂ ಉಳಿಯುತ್ತಿರಲಿಲ್ಲ, ಸಾವು ಬೆಳಗಿನ ಜಾವವನ್ನೇ ಕಾದು ಬರುತ್ತಿರಲಿಲ್ಲ.

ಕಾರಣ ಒಂದಲ್ಲ, ನಾಲ್ಕು ಒಟ್ಟಿಗೆ ಕೂಡಿದವು. ಹೊಂಡದ ಆಮ್ಲಜನಕದ ದೊಡ್ಡ ಭಾಗವನ್ನು ಹಗಲಲ್ಲಿ ಹಸಿರು ಪಾಚಿ ಮಾಡುತ್ತದೆ, ರಾತ್ರಿ ಅದೇ ಪಾಚಿ ಮೀನಿನ ಜೊತೆ ಅದನ್ನು ಉಸಿರಾಡಿ ಮುಗಿಸುತ್ತದೆ. ಮೂರು ದಿನ ಬಿಸಿಲಿಲ್ಲ ಎಂದರೆ ಮೂರು ದಿನ ಆದಾಯವಿಲ್ಲ, ಖರ್ಚು ಮಾತ್ರ. ಹಸಿ ಸಗಣಿ ಕೊಳೆಯುವುದಕ್ಕೂ ಅದೇ ಆಮ್ಲಜನಕ ಬೇಕು. ಮೋಡದಲ್ಲಿ ಮೀನು ಸರಿಯಾಗಿ ತಿನ್ನುವುದಿಲ್ಲ, ಆದರೂ 3 ಕೆಜಿ ಮೇವು ಬಿದ್ದು ತಳದಲ್ಲಿ ಕೊಳೆಯಿತು. ನಾಲ್ಕನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಈ ಹೊಂಡಗಳು ಆಳ, ಕೆರೆಗೆ ಹೋಲಿಸಿದರೆ ಹರವು ಚಿಕ್ಕದು, ಸುತ್ತ ಎತ್ತರದ ಬದು ಇದ್ದು ಗಾಳಿ ಆಡುವುದು ಕಡಿಮೆ. ಹಾಗಾಗಿ ಬೆಚ್ಚಗಿನ ನೀರು ಮೇಲೆ, ತಣ್ಣನೆಯ ಕೆಟ್ಟ ನೀರು ಕೆಳಗೆ, ಬೇರೆ ಬೇರೆಯಾಗಿ ನಿಲ್ಲುತ್ತವೆ. ತಣ್ಣನೆಯ ಜಡಿಮಳೆ ಮೇಲಿನ ನೀರನ್ನು ತಂಪು ಮಾಡಿತು, ಅದು ಕೆಳಗಿಳಿದು ತಳದ ಉಸಿರಿಲ್ಲದ ನೀರು ಮೇಲೆದ್ದು ಬೆರೆಯಿತು.

ಆ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ. ಪಂಪ್ ಹಾಕಿ ಹೊಂಡದ ಮೇಲ್ಪದರದ ನೀರನ್ನೇ ಎತ್ತಿ, ತೂತು ಕೊರೆದ ಪೈಪಿನಿಂದ ಆಳೆತ್ತರದಿಂದ ಮಳೆಯಂತೆ ಮತ್ತೆ ಹೊಂಡಕ್ಕೇ ಬೀಳಿಸುವುದು, ಬಿಸಿಲು ಬಲಿಯುವ ತನಕ ನಿಲ್ಲಿಸದೆ. ಪಂಪಿನ ಬಾಯಿ ತಳದಲ್ಲಿದ್ದರೆ ಕೆಟ್ಟ ನೀರು ಇನ್ನಷ್ಟು ಕಲಕುತ್ತದೆ. ಮೇವು, ಸಗಣಿ ಎರಡೂ ಮೂರು ದಿನ ಬಂದ್. ಸತ್ತ ಮೀನನ್ನು ಕೂಡಲೇ ತೆಗೆದು ಗೊಬ್ಬರದ ಗುಂಡಿಯಲ್ಲಿ ಆಳಕ್ಕೆ ಹೂಳಬೇಕು. ಸುಣ್ಣ ಎರಚಿದರೆ ಉಸಿರು ಬರುವುದಿಲ್ಲ. ನೀರು ಹಸಿರಾಗಿರುವಾಗ ಜಾಸ್ತಿ ಸುಣ್ಣ ಬಿದ್ದರೆ ಕ್ಷಾರ ಏರಿ ಅಮೋನಿಯಾ ಇನ್ನೂ ವಿಷವಾಗುತ್ತದೆ.

ಈ ಸಾವನ್ನು ಮೊದಲೇ ಊಹಿಸಲು ಯಂತ್ರ ಬೇಕಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗೈ ಮೇಲ್ಮುಖವಾಗಿ ಚಾಚಿ ಕೈಯನ್ನು ನೀರಿಗೆ ಇಳಿಸಬೇಕು. ಮೊಣಕೈ ತನಕ ಮುಳುಗುವಾಗ ಅಂಗೈ ಮಾಸಿದರೆ ನೀರು ಸರಿಯಾಗಿದೆ. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಮಾಯವಾದರೆ ಪಾಚಿ ಮಿತಿ ಮೀರಿದೆ, ಸಗಣಿ ನಿಲ್ಲಿಸಿ ಮೇವನ್ನು ಅರ್ಧಕ್ಕಿಳಿಸಬೇಕು.

ನೀರಿನ ಲೆಕ್ಕ

ಮೀನಿನ ಸಂಖ್ಯೆ ತಪ್ಪಿತ್ತು, ನಿಜ. ಆದರೆ ಸಂಖ್ಯೆ ಏಕೆ ತಪ್ಪಿತು ಎಂದು ಕೇಳಿದರೆ, ಆಗಸ್ಟ್‌ನ ತುಂಬಿದ ಹೊಂಡ ನೋಡಿ ಮರಿ ಎಣಿಸಿದ್ದರು. ಬಯಲುಸೀಮೆಯಲ್ಲಿ ಮೇ ತಿಂಗಳ ಹೊಂಡ ನೋಡಿ ಎಣಿಸಬೇಕು.

ಗೋಡೆ 1.5ಕ್ಕೆ 1ರ ಇಳಿಜಾರಿನಲ್ಲಿದೆ, ಅಂದರೆ ಒಂದು ಮೀಟರ್ ಇಳಿದರೆ ಒಂದೂವರೆ ಮೀಟರ್ ಒಳಕ್ಕೆ ಬರುತ್ತದೆ, ಆದ್ದರಿಂದ ತಳ 12 ಮೀಟರ್ ಚೌಕ ಮಾತ್ರ. ಕಟ್ಟೆಯ ಅಂಚಿಗೆ ಅರ್ಧ ಮೀಟರ್ ಬಿಟ್ಟು ಎರಡೂವರೆ ಮೀಟರ್ ನೀರು ನಿಂತಾಗ ಸುಮಾರು 6.3 ಲಕ್ಷ ಲೀಟರ್. ನೀರು ಒಂದೂವರೆ ಮೀಟರಿಗೆ ಇಳಿದಾಗ 3.1 ಲಕ್ಷ. ಒಂದೇ ಮೀಟರ್ ಇಳಿಯಿತು ಎಂದು ಕಣ್ಣಿಗೆ ಕಂಡರೂ ಅರ್ಧ ನೀರು ಹೋಗಿರುತ್ತದೆ. ಹೊಂಡ ಬಾಣಲೆಯಂತೆ ಮೇಲೆ ಅಗಲ, ಕೆಳಗೆ ಕಿರಿದು.

ಡಿಸೆಂಬರಿನಿಂದ ಮೇ ತನಕ ಖರ್ಚು ಎರಡು. ಎರಡು ಗುಂಟೆ ತರಕಾರಿಗೆ ದಿನಕ್ಕೆ 800 ಲೀಟರ್, ಆರು ತಿಂಗಳಿಗೆ ಸುಮಾರು 1.45 ಲಕ್ಷ. ಬಿಸಿಲು, ಗಾಳಿಗೆ ದಿನಕ್ಕೆ ಸರಾಸರಿ 6 ಮಿಲಿಮೀಟರ್ ಆವಿ ಎಂದು ಹಿಡಿದರೆ ಸುಮಾರು 3.2 ಲಕ್ಷ. ತರಕಾರಿ ಕುಡಿದದ್ದಕ್ಕಿಂತ ಎರಡು ಪಟ್ಟು ಮೀರಿ ಬಿಸಿಲು ಕುಡಿಯುತ್ತದೆ. ಮೇ ಕೊನೆಗೆ ಉಳಿಯುವುದು 1.6 ಲಕ್ಷ ಲೀಟರ್, ಆಳ 90 ಸೆಂಟಿಮೀಟರ್. ಮಧ್ಯೆ ಮುಂಗಾರುಪೂರ್ವದ ಮಳೆ ಬಿದ್ದರೆ ಅದು ಲಾಭ, ಲೆಕ್ಕಕ್ಕೆ ಹಿಡಿಯಬಾರದು.

ಗಾಳಿಯಾಡಿಸುವ ಯಂತ್ರವಿಲ್ಲದ ಹೊಂಡದಲ್ಲಿ ನೀರಿನ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಕಾಲು ಕೆಜಿ ಮೀನು ಎಂಬ ಮಿತಿ ಸುರಕ್ಷಿತ. ಆಮ್ಲಜನಕ ಹುಟ್ಟುವುದೂ ಸೇರುವುದೂ ಮೇಲ್ಮೈ ಕಡೆಯಿಂದಲೇ, ಆದ್ದರಿಂದ ಅಳತೆ ಆಳದ್ದಲ್ಲ. ಡಿಸೆಂಬರಿನಲ್ಲಿ ಮೇಲ್ಮೈ 380 ಚದರ ಮೀಟರ್, ಮಿತಿ 95 ಕೆಜಿ. ಜನವರಿ ಕೊನೆಗೆ 84, ಮಾರ್ಚ್ ಕೊನೆಗೆ 69, ಮೇ ಕೊನೆಗೆ 54. ಮೊದಲ ವರ್ಷ ನವೆಂಬರಿನಲ್ಲೇ ಹೊಂಡದಲ್ಲಿ 110 ಕೆಜಿ ಮೀನು ಇತ್ತು. ಆ ಮೋಡ ಬರದೇ ಹೋಗಿದ್ದರೂ ಏಪ್ರಿಲ್ ಬಿಡುತ್ತಿರಲಿಲ್ಲ.

ಮೀನು ಬೆಳೆದಂತೆ ನೀರು ಇಳಿಯುತ್ತದೆ. ಈ ಎರಡು ಗೆರೆ ಅಡ್ಡ ಹಾಯುವ ಮೊದಲೇ ಮೀನು ಹೊರಗೆ ಬರಬೇಕು. ಉಳಿದ ಯೋಜನೆಯೆಲ್ಲ ಇದರ ಮೇಲೆ ನಿಂತಿದೆ.

ಬದಲಾದ ಕ್ರಮ

ಎರಡನೆಯ ವರ್ಷಕ್ಕೆ 250 ಮರಿ ಸಾಕು: ಕಾಟ್ಲಾ 70, ರೋಹು 100, ಸಾಮಾನ್ಯ ಗೆಂಡೆ 80. ಗೆಂಡೆಯಲ್ಲಿ ಅಮೂರ್ ತಳಿ ಸಿಕ್ಕರೆ ಅದನ್ನೇ ತರಬೇಕು. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಪರೀಕ್ಷೆಗೊಳಗಾದ ಈ ತಳಿ ತಡವಾಗಿ ಮೊಟ್ಟೆಗೆ ಬರುತ್ತದೆ. ಹಳೆಯ ಗೆಂಡೆ ಆರೇಳು ತಿಂಗಳಿಗೇ ಮೊಟ್ಟೆ ತುಂಬಿಕೊಂಡು ಮೈ ಬೆಳೆಸುವುದನ್ನು ನಿಲ್ಲಿಸುತ್ತದೆ. ಬೇಗ ಬೆಳೆಯುತ್ತದೆ ಎಂದು ಯಾರಾದರೂ ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಕೊಟ್ಟರೆ ಬೇಡ ಎನ್ನಬೇಕು. ಅದರ ಸಾಕಣೆ ನಿಷೇಧವಾಗಿದೆ, ಮಳೆಗಾಲದಲ್ಲಿ ಹೊಂಡ ಉಕ್ಕಿ ಕೆರೆ ಸೇರಿದರೆ ಅಲ್ಲಿನ ಮೀನಿಗೆ ಉಳಿಗಾಲವಿಲ್ಲ.

ಮರಿ ಬೆರಳುದ್ದ ಇರಬೇಕು, ಕನಿಷ್ಠ 8ರಿಂದ 10 ಸೆಂಟಿಮೀಟರ್. ಅಗ್ಗಕ್ಕೆ ಸಿಗುವ ಒಂದಂಗುಲದ ಮರಿಯನ್ನು ನೀರುಹಾವು, ಮಿಂಚುಳ್ಳಿ, ಬೆಳ್ಳಕ್ಕಿಗಳೇ ಮುಗಿಸುತ್ತವೆ. ಹೊಂಡದಲ್ಲಿ ಒಂದೂವರೆ ಮೀಟರ್ ನೀರು ನಿಂತ ಮೇಲೆ ಸಂಜೆ ಹೊತ್ತು ತಂದು, ಚೀಲವನ್ನು ಕಟ್ಟಿದಂತೆಯೇ 20 ನಿಮಿಷ ನೀರಿನಲ್ಲಿ ತೇಲಿಬಿಟ್ಟು, ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪಸ್ವಲ್ಪವೇ ಸೇರಿಸಿ, ಮರಿ ತಾನಾಗಿ ಈಜಿ ಹೋಗುವಂತೆ ಚೀಲ ಓರೆ ಮಾಡಬೇಕು. ಎತ್ತಿ ಸುರಿದರೆ ಆ ರಾತ್ರಿಯೇ ಕಾಲುಭಾಗ ಹೋಗಬಹುದು.

ಪ್ಲಾಸ್ಟಿಕ್ ಹೊಂಡಕ್ಕೂ ಮಣ್ಣಿನ ಕೆರೆಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕೆರೆಯ ಕೆಸರಿನಲ್ಲಿ ಹುಟ್ಟುವ ಹುಳು ಹುಪ್ಪಟೆ ಪ್ಲಾಸ್ಟಿಕ್ ಮೇಲೆ ಹುಟ್ಟುವುದಿಲ್ಲ, ಗೆಂಡೆಗೆ ಮೇಯಲು ತಳವೇ ಇರುವುದಿಲ್ಲ. ಅದಕ್ಕೆ ನೀರು ತುಂಬುವ ಮೊದಲು ಸಮತಟ್ಟಾದ ತಳದಲ್ಲಿ ಮಾತ್ರ 15 ಸೆಂಟಿಮೀಟರ್ ಜರಡಿ ಹಿಡಿದ ಕೆರೆಗೋಡು ಹರಡಬೇಕು. ಕಲ್ಲು, ಬೇರಿನ ಚೂರು ಇದ್ದರೆ ಹೊದಿಕೆ ತೂತಾಗುತ್ತದೆ. ಇಳಿಜಾರಿಗೆ ಹಾಕಿದ ಮಣ್ಣು ನಿಲ್ಲುವುದಿಲ್ಲ. ಇದಕ್ಕೆ ತೆರುವ ಬೆಲೆ ಎಂದರೆ ಗೆಂಡೆ ಆ ಮಣ್ಣನ್ನು ಕೆದಕಿ ನೀರನ್ನು ಕಲಕುತ್ತದೆ, ಅದರ ಪರಿಣಾಮ ತರಕಾರಿ ಮಡಿಯಲ್ಲಿ ಕಾಣುತ್ತದೆ. ಅದನ್ನು ಮುಂದೆ ನೋಡೋಣ.

ಗೊಬ್ಬರ: ಮರಿ ಬಿಡುವ ಎರಡು ವಾರ ಮೊದಲು 10 ಕೆಜಿ ಸುಣ್ಣ, ಒಂದು ವಾರ ಮೊದಲು 75 ಕೆಜಿ ಸಗಣಿ. ಆಮೇಲೆ ವಾರಕ್ಕೆ 6 ಕೆಜಿ ಸಗಣಿಯನ್ನು ನೀರಿನಲ್ಲಿ ಕದಡಿ, ಬಿಸಿಲಿರುವ ಬೆಳಿಗ್ಗೆ ಮಾತ್ರ. ಎರಡು ಹಸುವಿನ ಸಗಣಿ ದಿನಕ್ಕೆ 20 ಕೆಜಿ ಮೀರುತ್ತದೆ, ಅದೆಲ್ಲ ಹೊಂಡಕ್ಕೆ ಎಂದುಕೊಂಡದ್ದೇ ಮೊದಲ ವರ್ಷದ ಅನಾಹುತಕ್ಕೆ ದಾರಿಯಾಯಿತು. ಹೆಚ್ಚಿನ ಪಾಲು ತಿಪ್ಪೆಗೇ ಹೋಗಲಿ.

ಮೇವು: ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ ಸಮಪಾಲು. ಹಿಂಡಿಯನ್ನು ರಾತ್ರಿ ನೆನೆಸಿ ಬೆಳಿಗ್ಗೆ ತೌಡಿನ ಜೊತೆ ಉಂಡೆ ಮಾಡಿ, ಹಳೆಯ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ತಳದಲ್ಲಿ ಬೆರಳು ತೂರುವಷ್ಟು ತೂತು ಮಾಡಿ, ಅದರಲ್ಲಿ ತುಂಬಿ ಅಡ್ಡ ಹಗ್ಗಕ್ಕೆ ತೂಗುಬಿಡಬೇಕು. ಗಳ ನೆಡಬಾರದು, ಅದರ ತುದಿ ಹೊದಿಕೆಯನ್ನು ಚುಚ್ಚುತ್ತದೆ. ಮೀನು ಚೀಲವನ್ನು ಗುದ್ದಿ ಗುದ್ದಿ ತಿನ್ನುತ್ತವೆ. ಎರಡು ಗಂಟೆ ಬಿಟ್ಟು ಎತ್ತಿ ನೋಡಿದಾಗ ಮೇವು ಉಳಿದಿದ್ದರೆ ಮಾರನೆಯ ದಿನ ಅಷ್ಟು ಕಡಿಮೆ. ಆರಂಭದಲ್ಲಿ ದಿನಕ್ಕೆ 200 ಗ್ರಾಂ, ನವೆಂಬರಿಗೆ ಒಂದು ಕೆಜಿಯ ಆಸುಪಾಸು, ಫೆಬ್ರವರಿಗೆ ಒಂದೂವರೆ ಕೆಜಿ. ತಿಂಗಳಿಗೊಮ್ಮೆ ಬೀಸುಬಲೆಯಲ್ಲಿ ಹತ್ತು ಹದಿನೈದು ಮೀನು ಹಿಡಿದು ತೂಗಿ, ಹೊಂಡದ ಒಟ್ಟು ತೂಕದ ನೂರಕ್ಕೆ ಎರಡು ಪಾಲಿನಂತೆ ಸರಿಪಡಿಸಿಕೊಳ್ಳಬೇಕು. ಇಡೀ ಋತುವಿಗೆ ಸುಮಾರು ಮೂರು ಕ್ವಿಂಟಲ್ ಮೇವು ಬೇಕಾಗುತ್ತದೆ. ತೌಡು, ಹಿಂಡಿ ಎರಡೂ ಹೊರಗಿನಿಂದ ಬರುವ ಸಾಮಾನು. ಸ್ವಾವಲಂಬನೆಯ ಲೆಕ್ಕದಲ್ಲಿ ಇದನ್ನು ಮುಚ್ಚಿಡಬಾರದು.

ಹಿಡಿಯುವುದು: ಜನವರಿಯಿಂದ ವಾರಕ್ಕೆ ಮೂರು ಮೀನು ಅಡುಗೆಗೆ, ಆಗ ಒಂದೊಂದೂ 300 ಗ್ರಾಂ ದಾಟಿರುತ್ತದೆ. ಕಾಟ್ಲಾ ಮೊದಲು ಹೊರಗೆ ಬರಲಿ, ಉಸಿರು ಕಟ್ಟಿದರೆ ಮೊದಲು ಬೀಳುವುದು ಅದೇ. ಗೆಂಡೆ ಕೊನೆಯ ತನಕ ತಾಳುತ್ತದೆ. ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ತಲಾ 40 ಮೀನು ಹೊರಗೆ ತೆಗೆದರೆ ಮೇಲೆ ಹೇಳಿದ ಮಿತಿಯೊಳಗೆ ಉಳಿಯಬಹುದು. 250 ಮರಿಯಲ್ಲಿ 210 ಉಳಿದರೆ ಒಟ್ಟು ಸುಮಾರು 105 ಕೆಜಿ ಮೀನು. ಊಟಕ್ಕೆ ಬೇಕಾಗುವುದು ವಾರಕ್ಕೆ ಒಂದೂವರೆ ಕೆಜಿ, ಉಳಿದದ್ದರಲ್ಲಿ ಅರ್ಧ ಊರಲ್ಲೇ ಮಾರಾಟ.

ಇನ್ನರ್ಧ ಒಣಮೀನಿಗೆ. ಜೂನ್‌ನಿಂದ ಡಿಸೆಂಬರ್ ತನಕ ಹೊಂಡದಲ್ಲಿ ತಿನ್ನುವ ಮೀನಿಲ್ಲ, ಆ ಏಳು ತಿಂಗಳನ್ನು ತುಂಬುವುದು ಇದೇ. ಏಪ್ರಿಲ್ ಬಿಸಿಲೇ ಸರಿಯಾದ ಕಾಲ. ಹೊಟ್ಟೆ ಸೀಳಿ, ಕರುಳಿನ ಜೊತೆ ಒಳಗಿನ ಕೊಬ್ಬನ್ನೂ ಕೆರೆದು ತೆಗೆಯಬೇಕು. ಕೊಬ್ಬು ಉಳಿದರೆ ತಿಂಗಳೊಳಗೆ ಕಮಟು ಹಿಡಿಯುತ್ತದೆ. ಪುಸ್ತಕದಂತೆ ಬಿಡಿಸಿ, ದಪ್ಪ ಮಾಂಸಕ್ಕೆ ಗೀರು ಹಾಕಿ, ನಾಲ್ಕು ಕೆಜಿ ಮೀನಿಗೆ ಒಂದು ಕೆಜಿ ಕಲ್ಲುಪ್ಪಿನಂತೆ ಪದರ ಪದರವಾಗಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಬಿಟ್ಟ ನೀರು ಬಸಿದು, ನೆಲದಿಂದ ಸೊಂಟದೆತ್ತರದ ಅಟ್ಟಣೆಯ ಮೇಲೆ ಸೊಳ್ಳೆಪರದೆ ಹೊದಿಸಿ ನಾಲ್ಕು ದಿನ ಒಣಗಿಸಬೇಕು. ಸಂಜೆ ಒಳಗೆ ತರಬೇಕು, ಇಬ್ಬನಿ ತಗುಲಿದರೆ ಬೂಸ್ಟು. ಬೆರಳಿನಿಂದ ಒತ್ತಿದಾಗ ಗುಳಿ ಬೀಳದಿದ್ದರೆ ಒಣಗಿದೆ. ಮೂರು ಕೆಜಿ ಹಸಿ ಮೀನಿಗೆ ಒಂದು ಕೆಜಿಯಷ್ಟು ಒಣಮೀನು ಉಳಿಯುತ್ತದೆ.

ಹೊಂಡದ ನೀರು, ಮಡಿಯ ಗಿಡ

ಮೀನಿನ ನೀರು ಹಾಯಿಸಿದರೆ ಗೊಬ್ಬರವೇ ಬೇಡ ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಲೆಕ್ಕ ಹಾಕೋಣ. ಮೂರು ಕ್ವಿಂಟಲ್ ಮೇವಿನಲ್ಲಿ ಸುಮಾರು 13.5 ಕೆಜಿ ಸಾರಜನಕ. ಕಾಲುಭಾಗ ಮೀನಿನ ಮೈಗೆ ಹೋದರೆ ಉಳಿದದ್ದು ಹತ್ತು ಕೆಜಿ, ಹೆಚ್ಚೆಂದರೆ 22 ಕೆಜಿ ಯೂರಿಯಾದಷ್ಟು. ಅದರಲ್ಲೂ ಬಹಳಷ್ಟು ತಳದ ಕೆಸರಿನಲ್ಲಿ ಕೂರುತ್ತದೆ, ಒಂದಿಷ್ಟು ಗಾಳಿಗೆ ಹೋಗುತ್ತದೆ. ಮಡಿಗೆ ತಲುಪುವುದು ಅಲ್ಪ. ಆದ್ದರಿಂದ ಮಡಿಗೆ ಕೊಟ್ಟಿಗೆ ಗೊಬ್ಬರ ಬೇಕೇ ಬೇಕು. ನಿಜವಾದ ಸಾರ ಮೇ ಕೊನೆಗೆ ತಳದಿಂದ ತೆಗೆಯುವ ಕೆಸರಿನಲ್ಲಿದೆ. ಅದನ್ನು ಬಾಳೆಯ ಪಾತಿಗೂ ತರಕಾರಿ ಮಡಿಗೂ ಹರಡಿ ಒಂದು ಮಳೆ ಬೀಳಲು ಬಿಟ್ಟು ಆಮೇಲೆ ನಾಟಿ ಮಾಡಬೇಕು. ತೆಗೆಯುವಾಗ ಸನಿಕೆ, ಗುದ್ದಲಿ ಇಳಿಸಬಾರದು. ಪ್ಲಾಸ್ಟಿಕ್ ಮೊರ, ಬಕೆಟ್ಟು ಸಾಕು.

ಗೆಂಡೆ ಕಲಕಿದ ನೀರು ಮತ್ತು ಪಾಚಿ ಸೇರಿ ಹನಿ ನೀರಾವರಿಯ ತೂತುಗಳನ್ನು ವಾರದೊಳಗೆ ಕಟ್ಟುತ್ತವೆ. ಈ ಮನೆಯಲ್ಲೂ ಅದೇ ಆಯಿತು. ಫಿಲ್ಟರ್ ಮೇಲೆ ಫಿಲ್ಟರ್ ಹಾಕುವುದಕ್ಕಿಂತ ಎರಡು ಗುಂಟೆಗೆ ಹನಿ ಪೈಪು ಬಿಟ್ಟು, ಒಂದು ಸಾವಿರ ಲೀಟರಿನ ಟ್ಯಾಂಕಿಗೆ ಎತ್ತಿ, ಅರ್ಧ ದಿನ ತಿಳಿಗೊಳಿಸಿ, ಅಲ್ಲಿಂದ ಹೋಸ್ ಪೈಪಿನಲ್ಲಿ ಬುಡಕ್ಕೆ ಬಿಡುವುದು ಮೇಲು. ಪಂಪಿನ ಫುಟ್‌ವಾಲ್ವನ್ನು (ನೀರು ಹೀರುವ ತುದಿಯನ್ನು) ಖಾಲಿ ಕ್ಯಾನಿಗೆ ಕಟ್ಟಿ ನೀರಿನ ಮೇಲ್ಮೈಯಿಂದ ಒಂದೂವರೆ ಅಡಿ ಕೆಳಗೆ ತೂಗುವಂತೆ ಮಾಡಿದರೆ ತಳದ ಕೆಸರೂ ಬರುವುದಿಲ್ಲ, ಮೇಲಿನ ಪಾಚಿ ಪದರವೂ ಬರುವುದಿಲ್ಲ. ಅದಕ್ಕೆ ಬಲೆ ಸುತ್ತದಿದ್ದರೆ ಮರಿ ಒಳಗೆ ಹೋಗುತ್ತದೆ. ಸಗಣಿ ಬಿದ್ದ ನೀರು ಇದು, ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಕಾಯಿಯ ಮೇಲೆ ಚಿಮುಕಿಸಬಾರದು.

ಬೆಳೆಯೂ ನೀರಿನ ಜೊತೆ ಇಳಿಯಬೇಕು. ಡಿಸೆಂಬರಿನಿಂದ ಫೆಬ್ರವರಿ ತನಕ ಬದನೆ, ಟೊಮೇಟೊ, ಹುರುಳಿಕಾಯಿ, ಮೂಲಂಗಿ, ಮೆಂತ್ಯ, ಸಬ್ಬಸಿಗೆ. ಮಾರ್ಚಿನಿಂದ ಅರ್ಧ ಮಡಿಯನ್ನು ಹುಲ್ಲು ಹೊದಿಸಿ ಖಾಲಿ ಬಿಟ್ಟು, ಉಳಿದರ್ಧದಲ್ಲಿ ಬಿಸಿಲು ತಾಳುವ ಗೋರಿಕಾಯಿ, ಬೆಂಡೆ, ಅಲಸಂದೆ, ದಂಟು.

ಆವಿ ತಡೆಯಲು ಹೊಂಡದ ಪಡುವಣ ಅಂಚಿನಲ್ಲಿ ತಂತಿ ಚಪ್ಪರ ಹಾಕಿ ಹೀರೆ, ಸೋರೆ ಹಬ್ಬಿಸಬಹುದು. ನೀರಿನ ಕಾಲುಭಾಗಕ್ಕಿಂತ ಹೆಚ್ಚು ನೆರಳು ಬೇಡ, ಪಾಚಿಗೆ ಬಿಸಿಲು ಬೇಕು. ಬದುವಿನ ಮೇಲೆ ಮರ ನೆಡಬಾರದು, ಬೇರು ಹೊದಿಕೆ ಸೀಳುತ್ತದೆ. ಚಪ್ಪರಕ್ಕೆ ಕೀಟನಾಶಕ ಹೊಡೆಯುವುದು, ಹೊಂಡದಲ್ಲಿ ಸ್ಪ್ರೇಯರ್ ತೊಳೆಯುವುದು ಎರಡೂ ಪೂರ್ತಿ ನಿಷಿದ್ಧ. ಸೈಪರ್‌ಮೆಥ್ರಿನ್‌ನಂಥ ಔಷಧ ತೀರ ಸ್ವಲ್ಪ ಬಿದ್ದರೂ ಮೀನು ಉಳಿಯುವುದಿಲ್ಲ.

ಇದೆಲ್ಲಕ್ಕಿಂತ ಮೊದಲು ಬೇಲಿ. ಒದ್ದೆಯಾದ ಪ್ಲಾಸ್ಟಿಕ್ ಇಳಿಜಾರಿನಲ್ಲಿ ಈಜು ಬಲ್ಲವರೂ ಹತ್ತಿ ಬರಲಾರರು. ಕೃಷಿ ಹೊಂಡಗಳಲ್ಲಿ ಮಕ್ಕಳೂ, ಅವರನ್ನು ಉಳಿಸಲು ಇಳಿದ ದೊಡ್ಡವರೂ ಜೀವ ಕಳೆದುಕೊಂಡಿದ್ದಾರೆ. ಸುತ್ತ ಐದಡಿ ಬೇಲಿ, ಬೀಗವಿರುವ ಗೇಟು, ನಾಲ್ಕೂ ಮೂಲೆಯಲ್ಲಿ ಗೂಟಕ್ಕೆ ಕಟ್ಟಿ ನೀರಿನ ತಳದ ತನಕ ಇಳಿಬಿಟ್ಟ ಗಂಟು ಹಾಕಿದ ಹಗ್ಗ, ಗಾಳಿ ತುಂಬಿದ ಒಂದು ಟ್ಯೂಬು. ಇಷ್ಟಿಲ್ಲದೆ ಒಂದು ಮರಿಯನ್ನೂ ತರಬಾರದು.

ಮಳೆ ಕೈಕೊಟ್ಟ ವರ್ಷ

ಹೊಂಡದ ಗೋಡೆಗೆ ಅರ್ಧ ಅರ್ಧ ಮೀಟರಿಗೆ ಬಣ್ಣದ ಗುರುತು ಹಾಕಿ, ಸೆಪ್ಟೆಂಬರ್ ಮಧ್ಯದಲ್ಲಿ ನೋಡಬೇಕು. ಆಗಲೂ ನೀರು ಒಂದೂವರೆ ಮೀಟರ್ ಮುಟ್ಟಿಲ್ಲವಾದರೆ ಮರಿ ತರುವ ಯೋಚನೆ ಬಿಟ್ಟು, ಅಕ್ಟೋಬರಿನಲ್ಲಿ 100 ಗ್ರಾಂ ದಾಟಿದ ಗೆಂಡೆ 60 ತಂದು ಬಿಟ್ಟರೆ ಫೆಬ್ರವರಿ ಕೊನೆಯೊಳಗೆ ಎಲ್ಲವನ್ನೂ ತಿಂದು ಮುಗಿಸಬಹುದು. ಒಂದು ಮೀಟರಿಗಿಂತ ಕಡಿಮೆ ಇದ್ದರೆ ಆ ವರ್ಷ ಮೀನು ಬೇಡ. ಒಂದು ಮೀಟರಿನಲ್ಲಿ 1.8 ಲಕ್ಷ ಲೀಟರ್ ಇದೆ, ಅದು ಹಸುವಿಗೆ ಮತ್ತು ಒಂದು ಗುಂಟೆ ತರಕಾರಿಗೆ ಮೀಸಲು. ನೀರು ಇಳಿದಾಗ ಬಿಸಿಲಿಗೆ ಬಿದ್ದ ಪ್ಲಾಸ್ಟಿಕ್ ಬೇಗ ಸೆಟೆದು ಒಡೆಯುತ್ತದೆ, ಆದ್ದರಿಂದ ಖಾಲಿ ಗೋಡೆಗೆ ರಾಗಿ ಹುಲ್ಲಿನ ಚಾಪೆಯೋ ಹಳೆಯ ಗೋಣಿಯೋ ಇಳಿಬಿಡಬೇಕು, ನಾಯಿ ಒಳಗಿಳಿಯದಂತೆ ಬೇಲಿಯ ಕೆಳಗಿನ ಸಂದು ಮುಚ್ಚಬೇಕು.